ಹತ್ತು ನಿಮಿಷದ ನಿಯಮ

ಮನುಷ್ಯನ ನಾಚಿಕೆಯನ್ನು ಯಂತ್ರದಿಂದ ಹಿಡಿಯಲು ಸಾಧ್ಯವಾದರೆ ಸರ್ಕಾರಿ ಕಚೇರಿಗಳ ಅರ್ಧ ಅನಾಹುತ ತಪ್ಪುತ್ತದೆ ಎಂದು ತುಂಬಿದ ಸಭೆಯಲ್ಲಿ ಹೇಳಿದವಳು ನಾನು. ಹೇಳಿದಾಗ ಚಪ್ಪಾಳೆ ಬಿದ್ದಿತ್ತು. ಈಗ ಆ ಚಪ್ಪಾಳೆ ನೆನಪಾದರೆ ಕಿವಿ ಬಿಸಿಯಾಗುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡಬೇಕು ಎಂದು ಕೂತಿದ್ದೇನೆ. ನನ್ನನ್ನು ನಾನೇ ಬಚಾವು ಮಾಡಿಕೊಳ್ಳುವ ಚಾಳಿ ಬರವಣಿಗೆಯಲ್ಲೂ ಬರುತ್ತದೆಯೋ ಏನೋ, ಗೊತ್ತಿಲ್ಲ. ಬಂದರೆ ಓದುವವರಿಗೆ ತಾನಾಗಿಯೇ ಕಾಣುತ್ತದೆ.

ನನ್ನ ಹೆಸರು ಸರ್ವಮಂಗಳಾ. ಹಿರೇಬಯಲು ನಗರ ಜಲ ಪ್ರಾಧಿಕಾರದಲ್ಲಿ ಮಾಹಿತಿ ಭದ್ರತಾ ಅಧಿಕಾರಿ. ಆರು ಲಕ್ಷ ಜನರಿಗೆ ನೀರು ಕೊಡುವ ಸಂಸ್ಥೆ ಅದು. ಪಂಪು, ವಾಲ್ವು, ಕ್ಲೋರಿನ್ ಎಲ್ಲವೂ ಒಂದೇ ಕಂಟ್ರೋಲ್ ರೂಮಿನಿಂದ ನಡೆಯುತ್ತವೆ. ನಾನು ಸೇರಿದ ಹೊಸದರಲ್ಲಿ ವಿರೂಪಾಕ್ಷಯ್ಯ ಎಂಬ ಗುಮಾಸ್ತರು ಒಂದು ಸುಳ್ಳು ಇ-ಮೇಲ್ ಒತ್ತಿ ಕಳ್ಳರನ್ನು ನಮ್ಮ ಕಂಪ್ಯೂಟರುಗಳ ಒಳಗೆ ಬಿಟ್ಟುಕೊಂಡಿದ್ದರು. ಒತ್ತಿದ ಐದೇ ನಿಮಿಷಕ್ಕೆ ಅವರಿಗೆ ತಪ್ಪು ಗೊತ್ತಾಗಿತ್ತು. ಆದರೆ ಬಾಯಿ ಬಿಟ್ಟದ್ದು ನಾಲ್ಕು ದಿನದ ನಂತರ. ಅಷ್ಟರಲ್ಲಿ ಹದಿನೆಂಟು ವರ್ಷದ ದಾಖಲೆ ಅಳಿಸಿಹೋಗಿತ್ತು. 'ಯಾಕ್ರೀ ಹೇಳಲಿಲ್ಲ?' ಎಂದು ಕೇಳಿದರೆ, 'ನಾಚಿಕೆ ಆತು ಮೇಡಂ' ಎಂದರು. ನನಗೆ ಆಗ ಸಿಟ್ಟು ಬಂದಿತ್ತು. ಅವರನ್ನು ಎಲ್ಲರೆದುರು ಬೈದಿದ್ದೆ.

ಅಲ್ಲಿಂದ ಹುಟ್ಟಿದ್ದು ನನ್ನ ಯೋಚನೆ. ಬೀಗ ಎಷ್ಟೇ ಗಟ್ಟಿ ಮಾಡಿದರೂ ಯಾರೋ ಒಬ್ಬರು ಬಾಗಿಲು ತೆಗೆದೇ ತೆಗೆಯುತ್ತಾರೆ. ತೆಗೆದದ್ದು ಹತ್ತು ನಿಮಿಷದೊಳಗೆ ನಮಗೆ ತಿಳಿದರೆ ಮುಚ್ಚಿಬಿಡಬಹುದು. ತಿಳಿಯದಂತೆ ಮಾಡುವುದು ಕಳ್ಳನಲ್ಲ, ನಮ್ಮವರ ನಾಚಿಕೆ. ಒಂದು ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ ಮೂರು ವರ್ಷ ಕೆಲಸ ಮಾಡಿದೆ. ಹೆದರಿಕೆಗೂ ನಾಚಿಕೆಗೂ ದೇಹ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತದೆ. ಹೆದರಿದವನ ರಕ್ತ ಕೈಕಾಲಿಗೆ ಓಡುತ್ತದೆ, ಓಡಿಹೋಗಲು ತಯಾರಾಗುತ್ತದೆ. ನಾಚಿದವನ ರಕ್ತ ಮುಖಕ್ಕೆ ಏರುತ್ತದೆ, ಬೆರಳು ತಣ್ಣಗಾಗುತ್ತದೆ, ಉಸಿರು ಅರೆಕ್ಷಣ ನಿಲ್ಲುತ್ತದೆ, ಕತ್ತು ಬಾಗುತ್ತದೆ. ಮಣಿಕಟ್ಟಿನ ಒಂದು ಪಟ್ಟಿ ಮತ್ತು ಕೊರಳಲ್ಲಿ ನೇತಾಡುವ ಗುರುತಿನ ಚೀಟಿ, ಇವೆರಡೇ ಸಾಕಾದವು. ಪಟ್ಟಿ ಮೈಯ ಬಿಸಿಯಿಂದಲೇ ನಡೆಯುತ್ತಿತ್ತು, ಬ್ಯಾಟರಿ ಬೇಡ. ಎಲ್ಲ ಸರಿಯಿದ್ದರೆ ಹಸಿರು. ಮುಚ್ಚಿಡುವ ನಾಚಿಕೆ ಕಂಡರೆ ಕೆಂಪು. ಕೆಂಪಾದ ಕೂಡಲೇ ಪಟ್ಟಿ ನಡುಗಿ, ನನ್ನ ಫೋನಿಗೆ ಸೂಚನೆ ಬರುತ್ತಿತ್ತು.

ಕಡತಗಳಲ್ಲಿ ಅದರ ಹೆಸರು 'ತ್ವರಿತ ವರದಿ ಪಟ್ಟಿ'. ಕಚೇರಿಯವರು ಒಂದೇ ವಾರದಲ್ಲಿ 'ನಾಚ್ಕೆ ಬಳೆ' ಎಂದು ನಾಮಕರಣ ಮಾಡಿದರು.

ನಿಯಮ ಸರಳ. ಕೆಂಪಾದ ಹತ್ತು ನಿಮಿಷದೊಳಗೆ ಏನಾಯಿತು ಎಂದು ಹೇಳಿದರೆ ಯಾವ ಶಿಕ್ಷೆಯೂ ಇಲ್ಲ. ಹೇಳದಿದ್ದರೆ ವಿಚಾರಣೆ. ಮೊದಲ ತಿಂಗಳು ನಗೆಪಾಟಲೇ ಆಯಿತು. ಸ್ಟೋರಿನ ಫಕ್ರುದ್ದೀನ್ ಸಾಹೇಬರು ಹೆಂಡತಿಯ ಹುಟ್ಟಿದ ದಿನ ಮರೆತದ್ದಕ್ಕೆ ಕೆಂಪಾದರು. ಬಿಲ್ಲಿಂಗ್ ವಿಭಾಗದ ಇಬ್ಬರು ಒಬ್ಬರನ್ನೊಬ್ಬರು ನೋಡಿ ಕೆಂಪಾದರು, ಮೂರು ತಿಂಗಳಿಗೆ ಮದುವೆಯ ಕರೆಯೋಲೆ ಬಂತು. ಆದರೆ ಆ ವರ್ಷ ಹನ್ನೊಂದು ಸುಳ್ಳು ಇ-ಮೇಲ್‌ಗಳು ಹತ್ತು ನಿಮಿಷದೊಳಗೆ ಬೆಳಕಿಗೆ ಬಂದವು. ಬೇರೆ ಇಲಾಖೆಯವರು ನೋಡಲು ಬಂದರು, ನನಗೆ ಶಾಲು ಹೊದಿಸಿದರು. ನಾನು ಉಬ್ಬಿಹೋದೆ.

ಜನ ಎಲ್ಲಕ್ಕೂ ಹೊಂದಿಕೊಳ್ಳುತ್ತಾರೆ, ಇದಕ್ಕೂ ಹೊಂದಿಕೊಂಡರು. ಮನೆಯಲ್ಲಿ ಜಗಳವಾಡಿ ಬಂದವರು ಮುಖ ತೊಳೆದು, ತಣ್ಣೀರಲ್ಲಿ ಐದು ನಿಮಿಷ ನಿಂತು, ಆಮೇಲೆ ಬಳೆ ಹಾಕಿಕೊಳ್ಳುತ್ತಿದ್ದರು. ಕೆಲವರು ಬೆಳಿಗ್ಗೆಯೇ ಬಂದು ಏನಾದರೊಂದು ಸಣ್ಣ ತಪ್ಪು ಒಪ್ಪಿಕೊಂಡು ಹಗುರಾಗುತ್ತಿದ್ದರು. ಏನೂ ಹೇಳಲಾಗದವರು ಕಾರಣದ ಜಾಗದಲ್ಲಿ 'ವೈಯಕ್ತಿಕ' ಎಂದು ಬರೆಯಬಹುದಿತ್ತು. ನನ್ನ ಯಜಮಾನರು ನಾಗಭೂಷಣ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಮೊದಲ ದಿನವೇ ಹೇಳಿದ್ದರು:

"ಮಂಗಳಾ, ಇದನ್ನ ಕಟ್ಕೊಂಡು ಅಡುಗೆಮನೆಗೆ ಬರ್ಬೇಡ ಮಾರಾಯ್ತಿ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಕಚೇರಿಗೆ ಗೊತ್ತಾಗ್ತೈತೆ."

ನಾನು ಅಡುಗೆಮನೆಯಲ್ಲೂ ಹಾಕಿಕೊಂಡೇ ಇರುತ್ತಿದ್ದೆ. ನನ್ನದು ಎರಡು ವರ್ಷದಲ್ಲಿ ಒಮ್ಮೆಯೂ ಕೆಂಪಾಗಿರಲಿಲ್ಲ. ಅದನ್ನು ನಾನು ನನ್ನ ಪ್ರಾಮಾಣಿಕತೆ ಎಂದುಕೊಂಡಿದ್ದೆ.

ಆ ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಎಂ.ಡಿ. ಸಾಹೇಬರ ಆಪ್ತ ಸಹಾಯಕ ಷಡಕ್ಷರಿಯ ದನಿ. "ಮೇಡಂ, ಸಾಹೇಬ್ರು ರಾಜಧಾನಿ ಮೀಟಿಂಗ್‌ನಾಗೆ ಕುಂತಾರೆ. ನಮ್ಮ ಪರದೆನ ಅಲ್ಲೇ ತೋರಿಸ್ಬೇಕಂತೆ. ನಿಮ್ಮ ಫೋನಿಗೆ ಆರಂಕಿ ಒಪ್ಪಿಗೆ ನಂಬರ್ ಬರ್ತೈತೆ, ಸ್ವಲ್ಪ ಓದಿಬಿಡ್ರಿ." ಓದಿದೆ. "ಥ್ಯಾಂಕ್ಸ್ ಮೇಡಂ" ಎಂದಿತು ದನಿ. ಇಡೀ ಮಾತುಕತೆ ಒಂದು ನಿಮಿಷವೂ ಇರಲಿಲ್ಲ.

ಹೊರಗಿನಿಂದ ಕಂಟ್ರೋಲ್ ರೂಮಿನ ಬಾಗಿಲು ತೆಗೆಯುವ ಆ ಒಪ್ಪಿಗೆ ಸಂಖ್ಯೆಯನ್ನು ಯಾರಿಗೂ ಹೇಳಬಾರದು ಎಂದು ಪ್ರತಿ ತಿಂಗಳು ಪಾಠ ಮಾಡುವವಳು ನಾನೇ. ಆದರೆ ನಮ್ಮಲ್ಲಿ 'ಯಾರಿಗೂ' ಎಂದರೆ ನಮಗಿಂತ ಕೆಳಗಿನ ಯಾರಿಗೂ ಎಂದೇ ಎಲ್ಲರಿಗೂ ಅರ್ಥವಾಗುತ್ತದೆ. ಸಾಹೇಬರು ಕೇಳಿದ್ದನ್ನು ಕೊಡುವುದು ಕೊಡುವ ಲೆಕ್ಕಕ್ಕೇ ಬರುವುದಿಲ್ಲ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಸಾಹೇಬರ ಕಡೆಯಿಂದ ಫೋನ್ ಬಂದರೆ ನಾನು ಕೂತಲ್ಲೇ ಎದ್ದು ನಿಲ್ಲುತ್ತೇನೆ, ಅವತ್ತೂ ನಿಂತಿದ್ದೆ. ನನ್ನ ಬಳೆ ಹಸಿರಾಗಿಯೇ ಇತ್ತು. ನಾಚಿಕೆಯೇ ಇಲ್ಲದಾಗ ಯಂತ್ರ ಏನು ತಾನೆ ಹಿಡಿದೀತು? ಎರಡು ನಿಮಿಷಕ್ಕೆ ಆ ಫೋನಿನ ನೆನಪೂ ಉಳಿಯಲಿಲ್ಲ.

ಆ ದಿನ ನಾಲ್ಕೂ ಇಪ್ಪತ್ತಕ್ಕೆ ಒಂದು ಸೂಚನೆ ಬಂತು. ಕಂಟ್ರೋಲ್ ರೂಮಿನ ಮೂರನೇ ಯಂತ್ರದ ಆಪರೇಟರ್ ಕಾಂಚನಾ, ಕೆಂಪು. ಇಪ್ಪತ್ತಾರು ವರ್ಷದ ಹುಡುಗಿ, ಡಿಪ್ಲೊಮಾ ಓದಿದವಳು, ಮಾತು ಕಡಿಮೆ, ಕೆಲಸ ಚೊಕ್ಕ. ಹತ್ತು ನಿಮಿಷದೊಳಗೆ 'ವೈಯಕ್ತಿಕ' ಎಂದು ಬರೆದಳು. ನಾನು ಸರಿ ಎಂದು ಒತ್ತಿದೆ.

ಗುರುವಾರ ಬೆಳಿಗ್ಗೆ ಹದಿನೇಳನೇ ವಾರ್ಡಿನ ಆಸ್ಪತ್ರೆಯಿಂದ ಕರೆ ಬಂತು. ವಾಂತಿಭೇದಿ, ರಾತ್ರಿಯಿಂದ ನೂರಾರು ಜನ. ನಮ್ಮ ಪರದೆಯ ಮೇಲೆ ಕ್ಲೋರಿನ್ ಎಷ್ಟಿರಬೇಕೋ ಅಷ್ಟೇ ತೋರಿಸುತ್ತಿತ್ತು. ನಾನೇ ಜೀಪು ಹತ್ತಿ ವಾರ್ಡಿಗೆ ಹೋದೆ. ಬೀದಿ ನಲ್ಲಿಯ ನೀರನ್ನು ಗಾಜಿನ ಕೊಳವೆಗೆ ತುಂಬಿ ಎರಡು ಹನಿ ಔಷಧ ಬಿಟ್ಟೆವು. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಆಗಲಿಲ್ಲ. ಇನ್ನೊಂದು ನಲ್ಲಿ ನೋಡಿದೆವು, ಅಲ್ಲೂ ಆಗಲಿಲ್ಲ. ಯಾರೋ ಒಳಹೊಕ್ಕು ಕ್ಲೋರಿನ್ ನಿಲ್ಲಿಸಿ, ಹಳೆಯ ಅಂಕಿಗಳನ್ನೇ ಪರದೆಯಲ್ಲಿ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ನಲವತ್ತೆರಡು ಗಂಟೆ ಊರು ಹಸಿ ನೀರು ಕುಡಿದಿತ್ತು. ಮುನ್ನೂರ ಹನ್ನೆರಡು ಜನ ಆಸ್ಪತ್ರೆ ಸೇರಿದರು. ಸಾಕಮ್ಮ ಎಂಬ ಎಪ್ಪತ್ತು ದಾಟಿದ ಅಜ್ಜಿ ತೀರಿಕೊಂಡರು.

ಹೊಕ್ಕವರ ಜಾಡು ಮೂರನೇ ಯಂತ್ರದಲ್ಲಿ ಸಿಕ್ಕಿತು. ಮೂರನೇ ಯಂತ್ರ ಕಾಂಚನಾಳದು. ಮಂಗಳವಾರ ಕೆಂಪಾದವಳೂ ಅವಳೊಬ್ಬಳೇ. ಇನ್ನೇನು ಬೇಕು? ಸಂಜೆಯೊಳಗೆ ಅವಳು ಅಮಾನತು ಆದಳು. ಎರಡು ವಾರದಲ್ಲಿ ವರದಿ ಕೊಡಬೇಕು, ಅದರ ಮೇಲೆ ಅವಳನ್ನು ವಜಾ ಮಾಡಿ ಪೊಲೀಸರಿಗೆ ದೂರು ಎಂದು ತೀರ್ಮಾನವಾಯಿತು. ವರದಿ ಬರೆಯುವ ಹೊಣೆ ನನ್ನದು.

ಶುಕ್ರವಾರ ಅವಳನ್ನು ಕರೆಸಿ ಕೇಳಿದೆ. "ಮಂಗಳವಾರ ನಾಲ್ಕೂ ಇಪ್ಪತ್ತಕ್ಕೆ ಏನಾಯ್ತಮ್ಮ?"

"ವೈಯಕ್ತಿಕ ಮೇಡಂ."

"ಏನು ವೈಯಕ್ತಿಕ? ಒಂದು ಜೀವ ಹೋಗಿದೆ. ಯಾವುದಾದ್ರೂ ಇ-ಮೇಲ್ ಒತ್ತಿದ್ಯಾ? ಯಾರಾದ್ರೂ ಪೆನ್ ಡ್ರೈವ್ ಕೊಟ್ರಾ?"

"ಗೊತ್ತಿಲ್ಲ ಮೇಡಂ. ಒತ್ತಿದ್ದು ನೆನಪಿಲ್ಲ. ಆದ್ರೆ ನನ್ನ ಯಂತ್ರದಿಂದಾನೆ ಬಂದೈತೆ ಅಂದ್ರೆ ನಾನೇ ಏನೋ ಮಾಡಿರ್ಬೇಕು." ಅವಳ ಕಣ್ಣು ನೆಲದಲ್ಲಿತ್ತು. ಬಳೆ ಕೆಂಪಗೆ ಉರಿಯುತ್ತಿತ್ತು. ಅವಳು ಅಪರಾಧಿ ಎಂದು ನನಗೆ ಖಾತ್ರಿಯಾಯಿತು. ಯಂತ್ರವನ್ನು ನಂಬದೆ ಇನ್ಯಾರನ್ನು ನಂಬಲಿ, ನಾನೇ ಮಾಡಿದ ಯಂತ್ರ.

ಸೋಮವಾರ ಷಡಕ್ಷರಿ ಸ್ಟೀಲ್ ಡಬ್ಬಿ ಹಿಡಿದುಕೊಂಡು ನನ್ನ ಕೋಣೆಗೆ ಬಂದ. "ತಗೊಳ್ರಿ ಮೇಡಂ, ಲಾಡು. ಮಗಳ ಸೀಮಂತ ಇತ್ತು ರಾಣೆಬೆನ್ನೂರಾಗೆ. ಸೋಮವಾರ ಹೋದೋನು ಬುಧವಾರ ರಾತ್ರಿನೇ ಬಂದಿದ್ದು. ಬರೋದ್ರೊಳಗೆ ಇಲ್ಲಿ ಏನೇನೋ ಆಗಿಬಿಟ್ಟೈತೆ."

"ಮಂಗಳವಾರ ನೀವು ಇರಲಿಲ್ವಾ?"

"ಎಲ್ಲಿ ಮೇಡಂ! ಫೋನೂ ಹೆಂಡ್ತಿ ಕೈಯಾಗೆ ಕೊಟ್ಟಿದ್ದೆ, ಕಚೇರಿದು ಬಂದ್ರೆ ಎತ್ತಬ್ಯಾಡ ಅಂತ."

ಮಂಗಳವಾರ ನನಗೆ ಫೋನ್ ಮಾಡಿದ್ರಲ್ಲ ಎನ್ನಲು ಹೋದವಳು, ಲಾಡು ಚೆನ್ನಾಗಿದೆ ಎಂದೆ. ಕೈಯಲ್ಲಿದ್ದ ಲಾಡು ಪುಡಿಯಾಗಿತ್ತು. ಯಾರದೇ ದನಿಯನ್ನು ಹತ್ತು ಸೆಕೆಂಡು ಕದ್ದು ಇಡೀ ಮಾತನ್ನೇ ಕಟ್ಟಬಹುದು ಎಂದು ಕಳೆದ ವರ್ಷ ಕೈಪಿಡಿಯಲ್ಲಿ ಬರೆದವಳು ನಾನೇ, ಹನ್ನೆರಡನೇ ಪುಟದಲ್ಲಿ.

ಮಣಿಕಟ್ಟಿನ ಮೇಲೆ ಪಟ್ಟಿ ನಡುಗಿತು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಬಳೆ ಕೆಂಪಾಗಿತ್ತು. ಸೀರೆಯ ಸೆರಗನ್ನು ಕೈಮೇಲೆ ಎಳೆದುಕೊಂಡೆ. ಷಡಕ್ಷರಿ ಹೋದ ಮೇಲೆ ಮೇಜಿನ ಮೇಲಿದ್ದ ಫೋನ್ ಮಿನುಗಿತು. ಕೆಂಪಾದವರ ಸೂಚನೆ ಬರುವುದು ನನಗೊಬ್ಬಳಿಗೇ ತಾನೆ. 'ನೌಕರರ ಸಂಖ್ಯೆ 114. ಮುಚ್ಚಿಡುವಿಕೆಯ ಶಂಕೆ. ವಿಚಾರಣೆ ಆರಂಭಿಸಬೇಕೆ?' ಕೆಳಗೆ ಎರಡು ಗುಂಡಿ, ಹೌದು ಮತ್ತು ಬೇಡ. 114 ನಾನು. ಫೋನನ್ನೇ ನೋಡುತ್ತ ಕೂತೆ. ಹತ್ತು ನಿಮಿಷ ಎಷ್ಟು ದೊಡ್ಡದು ಎಂದು ಅವತ್ತು ಗೊತ್ತಾಯಿತು. ಒಂಬತ್ತನೆಯ ನಿಮಿಷದಲ್ಲಿ ಎದ್ದು ಎಂ.ಡಿ. ಕೋಣೆಯ ಬಾಗಿಲವರೆಗೂ ಹೋದೆ. ಒಳಗೆ ನಾಲ್ಕು ಜನ ನಗುತ್ತಿದ್ದರು. ವಾಪಸ್ ಬಂದೆ. 'ಬೇಡ' ಒತ್ತಿದೆ.

ಯಾಕೆ ಒತ್ತಿದೆ? ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲ. ನನ್ನ ಹುದ್ದೆಯವರ ಕೆಲಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಗುತ್ತಾರೆ ಎಂದು ಒತ್ತಿದೆ. ನಾಚ್ಕೆ ಬಳೆ ಮಾಡಿದಾಕೆಯೇ ಫೋನಿನಲ್ಲಿ ಬೀಗದ ಕೈ ಕೊಟ್ಟಳಂತೆ ಎಂದು ಇಪ್ಪತ್ತು ಇಲಾಖೆಗಳು ನಗುತ್ತವೆ ಎಂದು. ನಾಚಿಕೆಯ ಬಗ್ಗೆ ಮೂರು ವರ್ಷ ಓದಿದ್ದೆ, ಅದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಕಲ್ಲಿಟ್ಟ ಹಾಗೆ, ಉಂಡರೂ ಇಳಿಯದು, ಮಲಗಿದರೂ ಇಳಿಯದು. ನಾಲ್ಕು ದಿನ ಅದನ್ನು ಹೊತ್ತ ವಿರೂಪಾಕ್ಷಯ್ಯನವರನ್ನು ನಾನು ಎಲ್ಲರೆದುರು ಬೈದಿದ್ದೆ.

ಮಾರನೆಯ ದಿನ ವರದಿ ಬರೆಯಲು ಕೂತೆ. 'ಸದರಿ ನೌಕರರು ವಿಚಾರಣೆಗೆ ಸಹಕರಿಸಿರುವುದಿಲ್ಲ' ಎಂದು ಬರೆದೆ. ಅದು ನಿಜವೇ ಆಗಿತ್ತು. ಅವಳೂ ಏನೋ ಮುಚ್ಚಿಟ್ಟಿದ್ದಾಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದಿನಕ್ಕೆ ಮೂರು ನಾಲ್ಕು ಸಲ ಬಳೆ ನಡುಗುತ್ತಿತ್ತು, ಫೋನ್ ಕೇಳುತ್ತಿತ್ತು, ಬೇಡ ಎಂದು ಒತ್ತುತ್ತಿದ್ದೆ. ಗುರುವಾರದ ಹೊತ್ತಿಗೆ ನೋಡದೆಯೇ ಒತ್ತುವುದು ರೂಢಿಯಾಯಿತು. ಬಳೆ ತೆಗೆದಿಡಬಹುದಿತ್ತು. ಆದರೆ ನಾನೇ ತೆಗೆದರೆ ಜನ ಏನೆಂದುಕೊಂಡಾರು?

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಗೇಟಿನ ಸದ್ದಾಯಿತು. ಐವತ್ತೈದು ದಾಟಿದ ಗಂಡಸು, ಒಗೆದ ಬಿಳಿ ಅಂಗಿ, ಕೈಯಲ್ಲಿ ಟವೆಲ್ಲು. ಕೈಬೆರಳ ಸಂದುಗಳಲ್ಲಿ ತೊಳೆದರೂ ಹೋಗದ ಹೂಳಿನ ಬಣ್ಣ. ಒಳಗೆ ಬನ್ನಿ ಎಂದರೆ ಮೆಟ್ಟಿಲ ಬಳಿಯೇ ನಿಂತರು.

"ನಾನು ಹಾಲಪ್ಪ ಅಂತ ಅಮ್ಮಾರೆ. ನಮ್ಮ ನೀರಿನ ಪ್ಲಾಂಟ್‌ನಾಗೆ ಗುತ್ತಿಗೆ ಮೇಲೆ ತೊಟ್ಟಿ ಹೂಳು ಎತ್ತೋ ಕೆಲ್ಸ. ಕಾಂಚನಾ ನನ್ನ ಮಗಳು."

ನನಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದೇ ಕಾಂಪೌಂಡಿನಲ್ಲಿ ಅಪ್ಪ ತೊಟ್ಟಿಯೊಳಗೆ, ಮಗಳು ಕಂಟ್ರೋಲ್ ರೂಮಿನಲ್ಲಿ, ನಾಲ್ಕು ವರ್ಷ.

"ಮಂಗ್ಳಾರ ಮಧ್ಯಾಹ್ನ ತೊಟ್ಟಿ ತಾವ ನಿಂತಿದ್ದೆ. ನೀರಿಗೆ ಕ್ಲೋರಿನ್ ವಾಸ್ನೆ ಇರ್ಲಿಲ್ರಿ. ಮೂವತ್ತು ವರ್ಸ ಅದ್ರಾಗೆ ಇದೀನಿ, ಮೂಗಿಗೆ ಗೊತ್ತಾಗ್ತೈತೆ. ಸೂಪರ್ವೈಸರ್‌ಗೆ ಹೇಳ್ದೆ, ಮೀಟರ್ ಸರಿ ತೋರಿಸ್ತೈತೆ ಹೋಗಪ್ಪ ಅಂದ್ರು. ಮನಸು ತಡೀಲಿಲ್ಲ. ಮಗಳಿಗೆ ಹೇಳಾಣ ಅಂತ ಹಂಗೇ ಕಂಟ್ರೋಲ್ ರೂಮಿಗೆ ಹೋಗ್ಬಿಟ್ಟೆ. ಮೈಯೆಲ್ಲ ಹೂಳು. ಬಾಗ್ಲಾಗೆ ನಿಂತು ಕರೆದೆ. ಅಲ್ಲಿದ್ದೋರು, ಯಾರೇ ಅದು, ನಿಂಗೆ ಗೊತ್ತಾ ಅಂದ್ರು. ಅವ್ಳು..." ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. "ನಂಗೊತ್ತಿಲ್ಲ, ದೂರು ಇದ್ರೆ ಮುಂದ್ಗಡೆ ಆಫೀಸ್‌ನಾಗೆ ಕೊಡಿ ಅಂದ್ಲು. ನಾನು ಬಂದ್ಬಿಟ್ಟೆ."

ನಾಲ್ಕೂ ಇಪ್ಪತ್ತು. ಕ್ಲೋರಿನ್ ನಿಂತು ಒಂದು ಗಂಟೆ ಇಪ್ಪತ್ತು ನಿಮಿಷ. ಆಗ ಗೊತ್ತಾಗಿದ್ದರೆ ಸಾಕಮ್ಮ ಬದುಕಿರುತ್ತಿದ್ದರು.

"ತಪ್ಪು ನಂದೇ ಅಮ್ಮಾರೆ. ಆ ವೇಸದಾಗೆ ನಾನು ಹೋಗಬಾರ್ದಿತ್ತು. ಹುಡುಗಿ ಮರ್ಯಾದೆ ಯೋಚನೆ ಮಾಡ್ಲಿಲ್ಲ. ಅವ್ಳು ಈಗ ಊಟ ಬಿಟ್ಟವ್ಳೆ. ನನ್ನ ಮುಖ ನೋಡಲ್ಲ. ಎಲ್ಲಾ ನನ್ನಿಂದಾನೆ ಆತು, ಅಜ್ಜಿ ಸತ್ತಿದ್ದೂ ನನ್ನಿಂದಾನೆ ಅಂತಾಳೆ. ಕಂಪ್ಯೂಟರ್‌ನಾಗೆ ಏನು ಮಾಡವ್ಳೋ ನಂಗೊತ್ತಿಲ್ಲ. ಬೇಕಂತ ಮಾಡೋ ಹುಡುಗಿ ಅಲ್ರಿ ಅದು. ಅವ್ಳ ಬದ್ಲಿ ನನ್ನ ತೆಗೆದುಹಾಕ್ರಿ."

ಆಗ ಹೇಳಬಹುದಿತ್ತು. 'ಹಾಲಪ್ಪನವರೇ, ನಿಮ್ಮ ಮಗಳ ಕಂಪ್ಯೂಟರಿನಿಂದ ಏನೂ ಆಗಿಲ್ಲ, ನಾನು ಮಾಡಿದ್ದು' ಎನ್ನಲು ಒಂದು ಉಸಿರು ಸಾಕಿತ್ತು. ಮಣಿಕಟ್ಟು ಕೆಂಪಗೆ ಉರಿಯತೊಡಗಿತು. ಫೋನ್ ಕೈಯಲ್ಲೇ ಇತ್ತು, ಹೆಬ್ಬೆರಳು ತಾನೇ ಹೋಗಿ 'ಬೇಡ' ಒತ್ತಿತು.

"ಅದೇನ್ರಿ ಅಮ್ಮಾರೆ, ಕೈಯಾಗೆ ಕೆಂಪಗೆ?" ಎಂದರು ಹಾಲಪ್ಪ. ಗುತ್ತಿಗೆಯವರಿಗೆ ನಾವು ಬಳೆ ಕೊಟ್ಟಿರಲಿಲ್ಲ.

"ಅದಾ? ಬ್ಯಾಟರಿ ಖಾಲಿ ಆಗಿದೆ" ಎಂದೆ. "ನೀವು ಹೇಳಿದ್ದನ್ನ ವರದೀಲಿ ಬರೀತೀನಿ, ಹೋಗಿ ಬನ್ನಿ."

ಅವರು ಕೈಮುಗಿದು ಹೋದರು. ಒಳಗೆ ಬಂದರೆ ನಾಗಭೂಷಣ ಪೇಪರ್ ಮಡಚಿಟ್ಟು ನನ್ನನ್ನೇ ನೋಡುತ್ತಿದ್ದರು.

"ಬ್ಯಾಟರಿ ಅಂದ್ಯಲ್ಲ."

ನಾನು ಸೆರಗನ್ನು ಕೈಮೇಲೆ ಎಳೆದುಕೊಂಡೆ.

"ಅದು ಮೈ ಬಿಸಿಯಿಂದ ನಡೀತೈತೆ, ಬ್ಯಾಟರೀನೇ ಇಲ್ಲ ಅಂತ ನನ್ನ ಸ್ಕೂಲಿಗೆ ಬಂದು ಮಕ್ಕಳಿಗೆ ಪಾಠ ಮಾಡಿದೋಳು ನೀನು."

ಎಲ್ಲ ಹೇಳಿದೆ. ಅಳುತ್ತಲೇ ಹೇಳಿದೆ. ಅವರು ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಮೂವತ್ತು ವರ್ಷದಲ್ಲಿ ಯಾವತ್ತೂ ಮಾಡಿದ್ದಾರೆ. ಅವತ್ತು ಕನ್ನಡಕ ತೆಗೆದು ಒರೆಸುತ್ತ, "ಆ ಮನುಷ್ಯ ಇನ್ನೂ ಬಸ್ ಸ್ಟಾಪಿನಾಗೆ ಇರ್ತಾನೆ. ಹೋಗಿ ಹೇಳಿ ಬಾ" ಎಂದರು.

"ನಾಳೆ ಕಚೇರೀಲೆ ಹೇಳ್ತೀನಿ."

"ನಿನ್ನ ಇಷ್ಟ" ಎಂದು ಎದ್ದುಹೋದರು. ನಾಳೆ ಹೇಳಲಿಲ್ಲ. ನಾಡಿದ್ದೂ ಹೇಳಲಿಲ್ಲ. ಅವರು ಮತ್ತೆ ಕೇಳಲಿಲ್ಲ, ಆದರೆ ಊಟಕ್ಕೆ ಕೂತಾಗ ನನ್ನ ಮಣಿಕಟ್ಟನ್ನು ಒಮ್ಮೆ ನೋಡಿ ಆಮೇಲೆ ತಟ್ಟೆ ನೋಡುತ್ತಿದ್ದರು. ಆ ಐದು ದಿನ ನಮ್ಮ ಮನೆಯಲ್ಲಿ ಇಬ್ಬರೂ ಸಾರು ಚೆನ್ನಾಗಿದೆ ಎಂಬಷ್ಟೇ ಮಾತಾಡಿದೆವು.

ಶುಕ್ರವಾರ ಕಂಟ್ರೋಲ್ ರೂಮಿನಲ್ಲೇ ಅಂತಿಮ ವಿಚಾರಣೆ. ಎಲ್ಲ ಸಿಬ್ಬಂದಿಗೂ ಪಾಠವಾಗಲಿ ಎಂದು ಎಂ.ಡಿ. ಸಾಹೇಬರು ಎಲ್ಲರನ್ನೂ ಕರೆಸಿದ್ದರು. ಗೋಡೆಯ ತುಂಬ ಪರದೆಗಳು, ಅವುಗಳಲ್ಲಿ ಊರಿನ ತೊಟ್ಟಿಗಳು, ಪಂಪುಗಳು. ನಲವತ್ತು ಜನ ನಿಂತಿದ್ದರು. ನನ್ನ ವರದಿ ಸಾಹೇಬರ ಮುಂದಿತ್ತು. ಹಾಲಪ್ಪ ಹೇಳಿದ ಒಂದು ಮಾತೂ ಅದರಲ್ಲಿರಲಿಲ್ಲ. ಬರೆದರೆ ಹುಡುಗಿಗೆ ಅವಮಾನವಾಗುತ್ತದೆ ಎಂದು ನೆಪ ಹುಡುಕಿಕೊಂಡಿದ್ದೆ.

ಕಾಂಚನಾ ಬಂದಳು, ಕಣ್ಣು ಗುಳಿ ಬಿದ್ದಿತ್ತು. ಒಬ್ಬಳೇ ಬರಲಿಲ್ಲ. ಹಾಲಪ್ಪನ ಕೈ ಹಿಡಿದುಕೊಂಡಿದ್ದಳು. ಅವರು ಬಾಗಿಲಲ್ಲೇ ನಿಲ್ಲಲು ನೋಡಿದರು, ಅವಳು ಬಿಡಲಿಲ್ಲ, ಪರದೆಗಳ ಮುಂದಿನವರೆಗೂ ಕರೆತಂದಳು.

"ಸರ್, ಇವ್ರು ನಮ್ಮಪ್ಪ. ನಮ್ಮ ಪ್ಲಾಂಟ್‌ನಾಗೇ ಹೂಳು ಎತ್ತೋ ಕೆಲ್ಸ. ಅವತ್ತು ನೀರಿನಾಗೆ ಕ್ಲೋರಿನ್ ಇಲ್ಲ ಅಂತ ಹೇಳೋಕೆ ಬಂದಿದ್ರು. ನಾನು ಇವ್ರು ಯಾರೋ ಗೊತ್ತಿಲ್ಲ ಅಂದೆ. ಅದಕ್ಕೇ ನನ್ನ ಬಳೆ ಕೆಂಪಾಗಿದ್ದು. ಇಷ್ಟು ದಿನ ಹೇಳ್ಲಿಲ್ಲ, ಯಾಕಂದ್ರೆ ಹೇಳೋಕೂ ನಾಚ್ಕೆ ಆತು. ಈಗ ಹೇಳಿದೀನಿ. ಏನು ಶಿಕ್ಷೆ ಕೊಟ್ರೂ ಸರಿ."

ಅವಳ ಕೈಯಲ್ಲಿ ಬಳೆ ಹಸಿರಾಗಿತ್ತು. ಆ ಹಸಿರನ್ನು ನೋಡಿದಾಗ ನನಗಾದ ಅವಮಾನವನ್ನು ಹೇಗೆ ಬರೆಯಲಿ? ನನ್ನ ಅರ್ಧ ವಯಸ್ಸಿನ ಹುಡುಗಿ, ನನಗಿಂತ ಹತ್ತು ಪಟ್ಟು ದೊಡ್ಡ ನಾಚಿಕೆಯನ್ನು ನಲವತ್ತು ಜನರೆದುರು ತೆಗೆದಿಟ್ಟು ನೆಟ್ಟಗೆ ನಿಂತಿದ್ದಳು.

ಎಂ.ಡಿ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಅಂದ್ರೆ ಮಾಹಿತಿ ಮುಚ್ಚಿಟ್ಟಿದ್ದು ನಿಜ ಅಂತಾಯ್ತು. ಯಂತ್ರದ ಜಾಡೂ ಇದೆ. ವಜಾಕ್ಕೆ ಇಷ್ಟು ಸಾಕಲ್ವಾ ಮೇಡಂ?"

"ಸಾಲದು ಸರ್" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. "ಕಳ್ಳರನ್ನ ಒಳಗೆ ಬಿಟ್ಟಿದ್ದು ನಾನು. ಷಡಕ್ಷರಿ ದನೀಲಿ ಫೋನ್ ಬಂತು. ಒಪ್ಪಿಗೆ ನಂಬರ್ ಓದಿದೆ. ಮೂರನೇ ಯಂತ್ರದ ಜಾಡು ಅವ್ರು ಹಚ್ಚಿದ ಸುಳ್ಳು. ಈ ಹುಡುಗಿ ಕಂಪ್ಯೂಟರ್‌ನಲ್ಲಿ ಏನೂ ಮಾಡಿಲ್ಲ."

ಸಾಹೇಬರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಮುಗುಳ್ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. "ಕೂತ್ಕೊಳ್ಳಿ ಮೇಡಂ. ನನ್ನ ಕಚೇರಿಯಿಂದ ಅಂತ ತಿಳ್ಕೊಂಡು ಕೊಟ್ಟಿದೀರಿ. ಅದು ಕರ್ತವ್ಯ, ತಪ್ಪಲ್ಲ. ನಿಮ್ಮ ಬಳೆ ಅವತ್ತು ಹಸಿರೇ ಇತ್ತಲ್ಲ? ನಿಮ್ಮ ಯಂತ್ರಾನೇ ಸಾಕ್ಷಿ. ಇದನ್ನ ತಾಂತ್ರಿಕ ಲೋಪ ಅಂತ ಬರೆಯೋಣ."

ಕೋಣೆಯಲ್ಲಿ ಹಲವರು ತಲೆಯಾಡಿಸಿದರು. ಅವರಿಗೆಲ್ಲ ಅದು ಸರಿಯಾಗಿಯೇ ಕಂಡಿತ್ತು. ಸಾಹೇಬರ ಹೆಸರು ಕೇಳಿ ಕೊಡದೆ ಇರಲಾಗುತ್ತದೆಯೇ ಎಂಬ ಮುಖ ಎಲ್ಲರದೂ. ಒಬ್ಬರ ಬಳೆಯೂ ಕೆಂಪಾಗಲಿಲ್ಲ.

"ಬೇಡ ಸರ್. ತಪ್ಪು ಅಂತಲೇ ಬರೀರಿ. ನನ್ನ ಹೆಸರು ಹಾಕಿ" ಎಂದೆ.

ಆಗ ಕಾಂಚನಾ ನನ್ನ ಹತ್ತಿರ ಬಂದಳು. ಕೃತಜ್ಞತೆ ಹೇಳುತ್ತಾಳೇನೋ ಎಂದು ಒಂದು ಗಳಿಗೆ ಅಂದುಕೊಂಡೆ. ಅಂಥ ಹೊತ್ತಿನಲ್ಲೂ ಅಂಥದ್ದನ್ನು ಬಯಸುವ ಮನಸ್ಸು ನನ್ನದು.

"ನಿಮಗಿದು ಯಾವಾಗ ಗೊತ್ತಾತು ಮೇಡಂ?"

"ಹೋದ ವಾರದ ಸೋಮವಾರ."

ಅವಳು ಮನಸ್ಸಿನಲ್ಲೇ ಎಣಿಸಿದಳು. ತುಟಿ ಅಲ್ಲಾಡಿತು. "ಹನ್ನೊಂದು ದಿನ. ಆ ಅಜ್ಜಿನ ನನ್ನ ಕಂಪ್ಯೂಟರೇ ಕೊಂದಿದ್ದು ಅಂತ ನಾನು ದಿನಾ ಅಂದ್ಕೊಂತಿದ್ದೆ." ಆಮೇಲೆ ಇನ್ನೂ ಮೆಲ್ಲಗೆ ಕೇಳಿದಳು. "ನಮ್ಮಪ್ಪ ನಿಮ್ಮನೆಗೆ ಬಂದಿದ್ದು ಭಾನುವಾರ. ಅವತ್ತು ಗೊತ್ತಿತ್ತಾ?"

ಹಾಲಪ್ಪ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಇಲ್ಲ ಎನ್ನಲಿ ಎಂದು ಅವರಿಗೆ ಆಸೆ ಇತ್ತು. ಮುಖದ ಮೇಲೆಯೇ ಇತ್ತು ಅದು.

"ಗೊತ್ತಿತ್ತು" ಎಂದೆ.

ಹಾಲಪ್ಪ ಮೆಲ್ಲಗೆ ಕಣ್ಣು ಕೆಳಗೆ ಇಳಿಸಿ, ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು, ಗೋಡೆಯ ಕಡೆ ತಿರುಗಿ ನಿಂತರು. ಅವರ ಕಿವಿಯವರೆಗೂ ಕೆಂಪಾಗಿತ್ತು. ನನ್ನ ಸಲುವಾಗಿ ಅವರು ನಾಚಿಕೊಂಡಿದ್ದರು.